ಗಿರಿಜೆಯ ತಟ್ಟೆ

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರೆಯುತ್ತಿರುವುದರಲ್ಲಿ ನಡೆದದ್ದೆಷ್ಟು, ನಾನಾಗಿ ಕಟ್ಟಿಕೊಂಡದ್ದೆಷ್ಟು ಎಂಬುದು ನನಗೇ ಖಚಿತವಿಲ್ಲ. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದವನು ನಾನು. ಯಾರಾದರೂ ಕಣ್ಣಾರೆ ಕಂಡೆ ಎಂದರೆ, ಆಗ ಬೆಳಕು ಹೇಗಿತ್ತು, ಕನ್ನಡಕ ಹಾಕಿಕೊಂಡಿದ್ದಿರಾ ಎಂದು ಕೇಳುವುದು ನನ್ನ ಚಟ. ಹಾಗಾಗಿ ಮದುವೆಮನೆಗಳಲ್ಲಿ ನನ್ನ ಪಕ್ಕದ ಎಲೆ ಸಾಮಾನ್ಯವಾಗಿ ಖಾಲಿ ಇರುತ್ತದೆ.

ಮೊನ್ನೆ ಆಂಧ್ರದ ಸಮುದ್ರದ ಕಡೆ ಮತ್ತೆ ಚಂಡಮಾರುತ ಎದ್ದಿತು. ಕೋಲಾರಕ್ಕೆ ಅದು ತಲುಪುವುದು ಬರೀ ಜಿಟಿಜಿಟಿ ಮಳೆಯಾಗಿ. ನಾಲ್ಕು ದಿನ ಬಟ್ಟೆ ಒಣಗುವುದಿಲ್ಲ, ಮಾರುಕಟ್ಟೆಯಲ್ಲಿ ಟೊಮೆಟೊ ಕೊಳೆಯುತ್ತದೆ, ಅಷ್ಟೆ. ನಮ್ಮ ಬೀದಿಯ ಹೆಂಗಸರು ಗೋಣಿಚೀಲ ಹಿಡಿದು ಮನೆಮನೆಗೂ ಬಂದರು. ‘ಕರಾವಳಿಯವರಿಗೆ ಕಳಿಸ್ತಿದ್ದೀವಿ ಸಾರ್, ಬಟ್ಟೆ ಬೇಡ, ಪಾತ್ರೆ ಇದ್ರೆ ಕೊಡಿ’ ಎಂದರು. ಚೀಲದ ಬಾಯಿ ಬಿಚ್ಚಿದಾಗ ಬೂದಿ ಹಾಕಿ ತಿಕ್ಕಿದ ಸ್ಟೀಲು ಮತ್ತು ಗೋಣಿಯ ವಾಸನೆ ಒಟ್ಟಿಗೆ ಬಂತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆ ವಾಸನೆಯನ್ನು ನಾನು ಬಲ್ಲೆ.

ಬಹಳ ವರ್ಷಗಳ ಹಿಂದಿನ ಮಾತು. ಆಗಲೂ ಹೀಗೆಯೇ ಒಂದು ಚಂಡಮಾರುತ ಬಂದು ಆಂಧ್ರದ ಕರಾವಳಿಯ ಊರುಗಳನ್ನು ಕೊಚ್ಚಿಕೊಂಡು ಹೋಗಿತ್ತು. ನಮ್ಮೂರಾದ ತಾಯಲೂರಿನಲ್ಲಿ ನಮ್ಮ ದೊಡ್ಡಮ್ಮ ಸುದ್ದಿ ಕೇಳಿದವಳೇ ಬೀದಿಗಿಳಿದಳು. ಅವಳು ಸಮುದ್ರವನ್ನು ಕಂಡವಳಲ್ಲ. ಆದರೆ ಅಲ್ಲಿಯವರು ಆಡುವ ತೆಲುಗು ಅವಳ ಮನೆಯಲ್ಲೂ ಆಡುವ ತೆಲುಗು. ನಮ್ಮ ಟೊಮೆಟೊ ಹೊತ್ತ ಲಾರಿಗಳು ಹೋಗಿ ಬರುವ ದಾರಿಯೂ ಅದೇ. ಅವಳಿಗೆ ಅಷ್ಟು ಸಾಕಿತ್ತು.

ಬೇರೆಯವರೆಲ್ಲ ಹಳೆಯ ಬಟ್ಟೆ ತಂದು ಗುಡ್ಡೆ ಹಾಕುತ್ತಿದ್ದಾಗ ದೊಡ್ಡಮ್ಮ ಒಂದು ಮಾತು ಕೇಳಿದಳು. ‘ಮನೆನೇ ಕೊಚ್ಕೊಂಡು ಹೋದೋರು ನಾವು ಕೊಟ್ಟ ಅಕ್ಕೀನ ಯಾತ್ರಲ್ಲಿ ಬೇಯಿಸ್ತಾರೆ? ಯಾತ್ರಲ್ಲಿ ಉಣ್ತಾರೆ?’ ಲಾರಿ ಏಜೆಂಟನ ಅಂಗಡಿಯಿಂದ ಅಲ್ಲಿಗೆ ಫೋನ್ ಮಾಡಿಸಿ ಕೇಳಿದರೆ ಅವರೂ ಅದನ್ನೇ ಅಂದರು: ಬಟ್ಟೆ ಸಾಕಾಗಿದೆ, ಪಾತ್ರೆ, ಬೆಂಕಿಪೊಟ್ಟಣ, ಕುಡಿಯುವ ನೀರು ಕಳಿಸಿ. ಅಂದಿನಿಂದ ದೊಡ್ಡಮ್ಮನ ಕಾಯಿದೆ ಜಾರಿಗೆ ಬಂತು. ತೂತು ಬಿದ್ದದ್ದು, ಸೊಟ್ಟಗಾದದ್ದು ಬೇಡ, ನೀವು ಉಣ್ಣೋ ತಟ್ಟೇನೇ ಕೊಡಿ. ಯಾರೋ ಕಿವಿಯಿಲ್ಲದ ಬಾಣಲೆ ತಂದರೆ, ‘ಇದನ್ನ ನಿನ್ನ ಅಳಿಯ ಬಂದಾಗ ಇಡಮ್ಮ’ ಎಂದು ವಾಪಸು ಕಳಿಸಿದಳು.

ನಮ್ಮ ಕಡೆ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಾರೆ, ನಿಮಗೂ ಗೊತ್ತಿರುತ್ತದೆ. ಅಂಗಡಿಯವನು ಯಂತ್ರ ಹಿಡಿದು ಚುಕ್ಕಿ ಚುಕ್ಕಿಯಾಗಿ ಬರೆದ ಅಕ್ಷರಗಳು. ಕೊರೆಸಿಕೊಂಡವರು ತೀರಿಕೊಂಡ ಮೇಲೂ ಹೆಸರು ತಿಕ್ಕಿಸಿಕೊಂಡು ಹೊಳೆಯುತ್ತಲೇ ಇರುತ್ತದೆ. ಆ ಚೀಲಗಳಲ್ಲಿ ನಮ್ಮೂರಿನ ಸತ್ತವರೂ ಬದುಕಿದ್ದವರೂ ಒಂದರ ಮೇಲೊಂದು ಕೂತಿದ್ದರು.

ಕೊನೆಗೆ ದೊಡ್ಡಮ್ಮ ತನ್ನ ಅಟ್ಟದಿಂದ ಒಂದು ತಟ್ಟೆ ಇಳಿಸಿದಳು. ಅದರ ಅಂಚಿನಲ್ಲಿ ‘ಗಿರಿಜ’ ಎಂದಿತ್ತು.

ಗಿರಿಜ ಅವಳ ಮಗಳು, ನನ್ನ ಓರಗೆಯವಳು. ಚಿಕ್ಕವಳಿದ್ದಾಗಲೇ ನಮ್ಮೂರ ಕೆರೆಯಲ್ಲಿ ಮುಳುಗಿ ಹೋದಳು. ಮಧ್ಯಾಹ್ನ ಊಟಕ್ಕೆ ಕೂಗಿದಾಗ, ಒಂದು ಸಲ ಮುಳುಗೆದ್ದು ಬರ್ತೀನಿ ಅಂದವಳು. ಬಡಿಸಿಟ್ಟ ಆ ತಟ್ಟೆಯನ್ನು ಆಮೇಲೆ ದೊಡ್ಡಮ್ಮ ತೊಳೆದು ಅಟ್ಟದ ಮೇಲೆ ಕವುಚಿ ಹಾಕಿದ್ದಳು. ಅದರಲ್ಲಿ ಯಾರೂ ಉಣ್ಣಲಿಲ್ಲ. ಮಗಳು ಹಸಿದು ಹೋದಳು ಎಂಬುದೊಂದೇ ದೊಡ್ಡಮ್ಮನನ್ನು ಒಳಗೊಳಗೇ ತಿಂದದ್ದು. ಸಾವಿನ ಬಗ್ಗೆ ಅವಳು ಮಾತಾಡಿದ್ದನ್ನು ನಾನು ಕೇಳಿಲ್ಲ, ಆ ಹಸಿವಿನ ಬಗ್ಗೆ ಎಷ್ಟೋ ಸಲ ಕೇಳಿದ್ದೇನೆ.

ಗಿರಿಜಳದೊಂದು ಆಟವಿತ್ತು. ಸಾಕು ಎನ್ನುವಾಗ ತಟ್ಟೆಗೆ ಕೈ ಅಡ್ಡ ಹಿಡಿಯುವಳು, ಆದರೆ ಬೆರಳುಗಳನ್ನು ಅಗಲಿಸಿ. ದೊಡ್ಡಮ್ಮ ಬೆರಳ ಸಂದಿನಿಂದಲೇ ಸಾರು ಬಿಡುವಳು. ಇಬ್ಬರೂ ನಗುವರು.

ಲಾರಿ ಹೊರಡುವ ಹಿಂದಿನ ಸಂಜೆ ದೊಡ್ಡಮ್ಮ ನನ್ನ ತೋಳು ಹಿಡಿದು, ‘ನಾಯ್ನಾ, ಮಗಾ, ಗಿರಿಜನ ತಟ್ಟೆ ಯಾರ ಕೈಗೆ ಹೋಗುತ್ತೆ ನೋಡ್ಕೊಂಡು ಬಾ. ಹೊಟ್ಟೆ ತುಂಬ ಉಂಡ್ರಾ ಅಂತ ನೋಡ್ಕೊಂಡು ಬಾ’ ಅಂದಳು. ಬೆಳಿಗ್ಗೆ ಅವಳೇ ಚೀಲಗಳ ಬಾಯಿ ಹೊಲಿದಳು.

ಗಡಿಯ ನಂಗಲಿ ದಾಟಿ, ಘಟ್ಟ ಇಳಿದು, ಲಾರಿಯಲ್ಲಿ ಹೋದೆವು. ಜೊತೆಗೆ ಮುಳಬಾಗಿಲಿನ ಅಡುಗೆಯ ಬಾಬಾಜಾನ್ ಇದ್ದರು, ಮದುವೆಗಳಿಗೆ ಬಿರಿಯಾನಿ ಮಾಡುವವರು. ಅಂದು ಮಾತ್ರ ತಮ್ಮ ದೊಡ್ಡ ಹಂಡೆಗಳಲ್ಲಿ ಎಲ್ಲರೂ ಉಣ್ಣುವಂತೆ ಅನ್ನ, ಬೇಳೆಸಾರು ಮಾಡಲು ಬಂದಿದ್ದರು. ಸಮುದ್ರ ಹತ್ತಿರವಾದಂತೆ ರಸ್ತೆಯ ಎರಡೂ ಬದಿಗೆ ಜನ ಮಲಗಿರುವುದು ಕಂಡಿತು. ಹತ್ತಿರ ಹೋದರೆ ಬಟ್ಟೆಗಳು. ಎಲ್ಲೆಲ್ಲಿಂದಲೋ ಬಂದ ದಾನದ ಅಂಗಿ, ಸೀರೆಗಳು ಮಳೆಯಲ್ಲಿ ನೆನೆದು, ತೋಳು ಚಾಚಿಕೊಂಡು ಬಿದ್ದಿದ್ದವು. ‘ನಿಮ್ಮ ದೊಡ್ಡಮ್ಮ ಹೇಳಿದ್ದು ಸರಿ ಸಾಬ್’ ಎಂದರು ಬಾಬಾಜಾನ್. ಕಾಗೆಗಳು ಕೂಡ ಕೂಗುತ್ತಿರಲಿಲ್ಲ. ಎಲ್ಲಿಯೋ ದೊಡ್ಡದೊಂದು ಪ್ರಾಣಿ ಉಸಿರು ಬಿಡುತ್ತಿರುವಂತೆ ಸಮುದ್ರದ ಸದ್ದು ಮಾತ್ರ.

ಜನರನ್ನು ಇರಿಸಿದ್ದು ಒಂದು ಶಾಲೆಯಲ್ಲಿ. ಗೋಡೆಯ ಮೇಲೆ ನೀರು ನಿಂತು ಹೋದ ಗೆರೆ ನನ್ನ ತಲೆಗಿಂತ ಮೇಲಿತ್ತು. ನಡುಮಧ್ಯಾಹ್ನ, ಆದರೆ ಯಾರಿಗೂ ನೆರಳಿರಲಿಲ್ಲ, ಬೆಳಕು ಅಷ್ಟು ಮಂಕು. ಇನ್ನು ಮುಂದಿನದು ನನ್ನ ನೆನಪು. ಜನ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದಾರೆ. ನಾನು ಸಾರು ಬಡಿಸುತ್ತಿದ್ದೇನೆ. ಒಂದು ತಟ್ಟೆ ಮುಂದೆ ಬರುತ್ತದೆ, ಅಂಚಿನಲ್ಲಿ ಚುಕ್ಕಿ ಅಕ್ಷರ, ಗಿರಿಜ. ತಲೆ ತಗ್ಗಿಸಿದ ಹುಡುಗಿ, ನೀರು ತೊಟ್ಟಿಕ್ಕುವ ಕೂದಲು. ನಾನು ಬಡಿಸಿದೆ. ಮತ್ತೆ ಬಡಿಸಿದೆ. ಆಗ ತಟ್ಟೆಗೆ ಅಡ್ಡವಾಗಿ ಒಂದು ಕೈ ಬಂತು, ಬೆರಳುಗಳು ಅಗಲಿಸಿದ್ದವು. ನನ್ನ ಸೌಟು ಆಗಲೇ ಬಾಗಿತ್ತು. ಕುದಿಯುವ ಸಾರು ಆ ಬೆರಳುಗಳ ಮೇಲೆ ಬಿತ್ತು. ಕೈ ಕದಲಲಿಲ್ಲ.

ನಾನು ಸುಧಾರಿಸಿಕೊಳ್ಳುವಷ್ಟರಲ್ಲಿ ಅವಳಿರಲಿಲ್ಲ. ‘ಆ ಹುಡುಗಿ ಯಾರು?’ ಎಂದು ಬಾಬಾಜಾನರನ್ನು ಕೇಳಿದೆ. ಅವರು ಹಂಡೆಯಿಂದ ತಲೆ ಎತ್ತದೆ, ‘ಯಾವ ಹುಡುಗಿ? ಸೌಟು ನೋಡಿ ಬಡಿಸಿ ಸಾಬ್, ಮುಖ ನೋಡ್ತಾ ನಿಂತ್ರೆ ಸಾರು ಆರಿಹೋಗುತ್ತೆ’ ಎಂದರು.

ಊರಿಗೆ ಬಂದು ದೊಡ್ಡಮ್ಮನಿಗೆ ಹೇಳಿದೆ. ತಟ್ಟೆ ನೋಡಿದೆ, ಒಬ್ಬ ಹುಡುಗಿ ಅದರಲ್ಲಿ ಉಂಡಳು ಅಂದೆ. ಅವಳು, ‘ಕೈ ಅಡ್ಡ ಇಟ್ಟಳಾ?’ ಎಂದು ಕೇಳಿದಳು. ಹೂಂ ಅಂದೆ. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ನನ್ನನ್ನು ಇಷ್ಟು ವರ್ಷ ಕಾಡಿದ ಅನುಮಾನ ಇಲ್ಲೇ ಇದೆ. ಆ ಕೈಯನ್ನು ನಾನು ಶಾಲೆಯಲ್ಲಿ ನೋಡಿದ್ದೆನೋ, ಅಥವಾ ಅವಳು ಕೇಳಿದ ಮೇಲೆ ನನ್ನ ನೆನಪಿನೊಳಗೆ ಬಂತೋ? ನೆನಪು ಹೀಗೆ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ ಎಂದು ತರಗತಿಯಲ್ಲಿ ಪಾಠ ಮಾಡುವವನು ನಾನೇ. ಹಾಗೆಂದು ನನಗೇ ಎಷ್ಟು ಸಲ ಪಾಠ ಮಾಡಿಕೊಂಡರೂ ಆ ಬೆರಳುಗಳ ಮೇಲೆ ಬಿದ್ದ ಸಾರಿನಿಂದ ಹಬೆ ಏಳಲಿಲ್ಲ ಎಂಬುದು ನೆನಪಾಗುತ್ತದೆ.

ಮೊನ್ನೆ ನಮ್ಮ ಬೀದಿಯವರ ಚೀಲಕ್ಕೆ ಇನ್ನಷ್ಟು ಪಾತ್ರೆ ಸೇರಿಸೋಣವೆಂದು ತಾಯಲೂರಿಗೆ ಹೋದೆ. ದೊಡ್ಡಮ್ಮನಿಗೆ ಈಗ ನಡು ಬಾಗಿದೆ, ಬಾಯಿ ಬಾಗಿಲ್ಲ. ‘ಏನ್ಲಾ, ಈ ಸಲಾನೂ ನೀನೇನಾ ಬಡಿಸೋಕೆ?’ ಎಂದು ನಕ್ಕಳು. ಸೊಸೆ ತಂದಿಟ್ಟ ಪಾತ್ರೆಗಳ ಮೇಲೆ ತಾನೂ ಒಂದು ತಟ್ಟೆ ತಂದಿಟ್ಟಳು.

ನಾನು ಹೆಸರು ಓದಿದೆ. ಗಿರಿಜ.

‘ಇದು ಆವತ್ತೇ ಹೋಯ್ತಲ್ಲ ದೊಡ್ಡಮ್ಮ?’

‘ಎಲ್ಲಿ ಹೋಯ್ತು? ಊರಿಗೆಲ್ಲ ಬುದ್ಧಿ ಹೇಳಿದೆ, ನನ್ನ ಕೈಲಿ ಆಗ್ಲಿಲ್ಲ ಕಣೋ. ಚೀಲ ಹೊಲಿಯೋವಾಗ ತೆಗೆದು ಸೆರಗಲ್ಲಿ ಮುಚ್ಕೊಂಡೆ.’

‘ಮತ್ತೆ ನಾನು ಬಂದು ಹೇಳಿದಾಗ ಯಾಕೆ ಸುಮ್ನಿದ್ದೆ?’

‘ತಟ್ಟೆ ಅಟ್ಟದ ಮೇಲಿತ್ತು. ಅವಳು ಉಂಡ್ಳು ಅಂತ ನೀನಂದೆ. ಕೈ ಅಡ್ಡ ಇಟ್ಟಳು ಅಂದೆ. ನಾನು ಯಾವುದನ್ನ ಸುಳ್ಳು ಅನ್ಲಿ?’

ಅವಳು ತಟ್ಟೆಯನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿ ನನ್ನ ಮಡಿಲಿಗೆ ಹಾಕಿದಳು. ‘ತಗೊಂಡು ಹೋಗು. ಅವಳು ಉಂಡಾಯ್ತು. ಇನ್ನು ಹಸಿದೋರು ಯಾರಾದ್ರೂ ಉಣ್ಣಲಿ.’

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹಳೆಯ ಚಟ ತಲೆ ಎತ್ತಿತು. ಗಿರಿಜ ಎಂಬ ಹೆಸರಿನವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಬೇರೆ ಯಾರದೋ ತಟ್ಟೆ ಇರಬೇಕು, ಯಾವುದೋ ಹುಡುಗಿ ಇರಬೇಕು. ಇದು ಒಪ್ಪುವಂಥ ವಿವರಣೆ. ಒಪ್ಪಿಕೊಂಡು ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೂ ಮುಳಬಾಗಿಲಿನಲ್ಲಿ ಇಳಿದು ಬಾಬಾಜಾನರ ಮನೆಗೆ ಹೋದೆ. ಅವರ ಮಗ ಈಗ ಅಡುಗೆ ಮಾಡುತ್ತಾನೆ, ಅವರು ಹೊರಗೆ ಕೂತು ತಪ್ಪು ಹುಡುಕುತ್ತಾರೆ. ನನ್ನ ಪ್ರಶ್ನೆ ಕೇಳಿ ಅವರಿಗೆ ನಗು ಬಂತು.

‘ತಟ್ಟೆ ಎಲ್ಲಿಂದ ಬಂತು ಸಾಬ್? ಪಾತ್ರೆ ಚೀಲ ಎಲ್ಲಾ ಅಕ್ಕಿ ಮೂಟೆಗಳ ಕೆಳಗಿತ್ತು. ಹಂಚಿದ್ದು ಮಾರನೇ ದಿನ, ನಾವು ಹೊರಡೋವಾಗ.’

ಅವರ ವಯಸ್ಸಿನವರ ನೆನಪನ್ನು ನಾನು ಸುಲಭವಾಗಿ ನಂಬುವವನಲ್ಲ. ಲಾರಿ ಓಡಿಸಿದವರನ್ನು ಹುಡುಕಿ ಕೇಳಿದೆ. ತಾಯಲೂರಿನಿಂದ ನಮ್ಮೊಂದಿಗೆ ಬಂದಿದ್ದ ಇನ್ನೊಬ್ಬರನ್ನೂ ಕೇಳಿದೆ, ಬೇರೆಯವರು ಏನೆಂದರು ಎಂಬುದನ್ನು ಹೇಳದೆ. ಗಿರಿಜಳ ತಟ್ಟೆಯನ್ನು ನಮ್ಮ ಬೀದಿಯ ಹೆಂಗಸರ ಚೀಲಕ್ಕೆ ನಾನೇ ಹಾಕಿ, ಬಾಯಿ ಹೊಲಿಯುವವರೆಗೂ ನಿಂತಿದ್ದು ನೋಡಿದೆ. ಅದು ಈಗ ದಾರಿಯಲ್ಲಿದೆ. ಉಳಿದದ್ದರ ಬಗ್ಗೆ ನಾನು ಏನೂ ಹೇಳಲಾರೆ. ವಿಚಾರಿಸಿ ಖಚಿತಪಡಿಸಿಕೊಂಡದ್ದು ಒಂದೇ: ಅಂದು ಆ ಶಾಲೆಯಲ್ಲಿ ಸಾಲು ನಿಂತವರು ಯಾರೂ ಇರಲಿಲ್ಲ, ಎಲ್ಲರೂ ನೆಲದ ಮೇಲೆ ಪಂಕ್ತಿಯಲ್ಲಿ ಕೂತು, ನಾವು ಒಯ್ದಿದ್ದ ಮುತ್ತುಗದ ಎಲೆಗಳಲ್ಲಿ ಉಂಡರು.