ಎಡದಿಂದ ಬಲಕ್ಕೆ ನಿಂತವರು

“ಗದ್ದ ಸ್ವಲ್ಪ ಮೇಲೆ” ಎಂದು ಜಮ್ಶೀದ್ ಹೇಳಿದರೆ ಶಿವಮೊಗ್ಗ, ಭದ್ರಾವತಿ ಎರಡೂ ಊರಿನ ಗದ್ದಗಳು ಒಮ್ಮೆಲೇ ಮೇಲೇಳುತ್ತವೆ ಎಂದು ಪ್ರತೀತಿ. ಕೋಟೆಯ ಕಡೆ ಒಂದು ಮದುವೆಯಲ್ಲಿ ಎತ್ತಿಸಿದ ಗದ್ದವನ್ನು ಇಳಿಸಲು ಹೇಳುವುದನ್ನೇ ಮರೆತನಂತೆ. ಮದುಮಗ ಹೋಳಿಗೆ ಊಟವನ್ನೂ ಚಪ್ಪರ ನೋಡುತ್ತಲೇ ಮುಗಿಸಿದನಂತೆ. ರಾಗಿಗುಡ್ಡದಲ್ಲಿ ತೀರಿಕೊಂಡವರೊಬ್ಬರ ಕೊನೆಯ ಫೋಟೋ ತೆಗೆಯುವಾಗ ಅಭ್ಯಾಸಬಲದಿಂದ ಅದೇ ಮಾತು ಆಡಿದನೆಂದೂ, ಹೆಣದ ಗದ್ದ ಅರ್ಧ ಇಂಚು ಎದ್ದಿತೆಂದೂ ಆಣೆ ಮಾಡುವವರು ಇವತ್ತಿಗೂ ಇದ್ದಾರೆ. ಹಕ್ಕಿಗಳಿಗೂ ಅವನು ಹಾಗೇ ಹೇಳುತ್ತಾನೆ. ಮಿಂಚುಳ್ಳಿ ಕೇಳುತ್ತದೆ, ಕೊಕ್ಕರೆಗೆ ಮಾತ್ರ ಸ್ವಲ್ಪ ಜಂಬ.

ಜಮ್ಶೀದನಿಗೆ ಐವತ್ತೆರಡು. ಹೊಟ್ಟೆಪಾಡಿಗೆ ಮದುವೆಗಳು, ಜೊತೆಗೆ ಜಿಲ್ಲಾ ಪತ್ರಿಕೆಯೊಂದರ ಫೋಟೋ ಕೆಲಸ. ಬಿಡುವಾದರೆ ಹಕ್ಕಿ.

ಕಳೆದ ಜನವರಿಯ ಒಂದು ಬೆಳಿಗ್ಗೆ ಶಂಕರಘಟ್ಟದ ಕಡೆ ಹಕ್ಕಿಗಳಿಗೆ ಆಜ್ಞೆ ಕೊಟ್ಟು ಮುಗಿಸಿ ಸ್ಕೂಟರಿನಲ್ಲಿ ಭದ್ರಾವತಿಗೆ ಬರುತ್ತಿದ್ದ. ಒಂದು ಅಡಿಕೆ ಕಣದ ಮುಂದೆ ರಸ್ತೆ ತುಂಬ ಜನ. ಲೈಟ್ ಕಂಬಕ್ಕೆ ಒಬ್ಬನನ್ನು ನೈಲಾನ್ ಹಗ್ಗದಲ್ಲಿ ಬಿಗಿದಿದ್ದರು. ಏಳು ವೀರರು, ಒಬ್ಬ ಶತ್ರು. ಶತ್ರುವಿನ ಕೈಕಾಲು ಮೊದಲೇ ಕಟ್ಟಿಟ್ಟಿದ್ದರಿಂದ ಯುದ್ಧ ಬಹಳ ಸಲೀಸಾಗಿ ಸಾಗಿತ್ತು. ಸುತ್ತ ನಲವತ್ತು ಮೊಬೈಲುಗಳು ವಿಡಿಯೋ ಮಾಡುತ್ತಿದ್ದವು. ಒಂದೂ ಪೊಲೀಸರಿಗೆ ಕರೆ ಮಾಡುತ್ತಿರಲಿಲ್ಲ.

ಶತ್ರುವಿನ ಹೆಸರು ಗೋವಿಂದ, ಗುಜರಿ ಆಯುವವ. ಗೋಣಿಚೀಲ ಹಿಡಿದುಕೊಂಡು ಕಣದ ಬೇಲಿ ಪಕ್ಕ ನೆರಳಿಗೆ ಕೂತಿದ್ದ. ಆ ವಾರವೇ ಕಣದಿಂದ ಎರಡು ಮೂಟೆ ಅಡಿಕೆ ಕಳುವಾಗಿತ್ತು. ಚೀಲ ಕೊಡವಿದರೆ ಬಿದ್ದದ್ದು ತುಕ್ಕು ಹಿಡಿದ ಕಬ್ಬಿಣ, ಮುರಿದ ಕೊಡೆ. ಒಂದು ಅಡಿಕೆಯೂ ಸಿಗಲಿಲ್ಲವಾದ್ದರಿಂದ ಅವನು ನುರಿತ ಕಳ್ಳನೇ ಎಂದು ತೀರ್ಮಾನವಾಯಿತು.

“ಎಲ್ಲಿ ಬಚ್ಚಿಟ್ಟಿದೀಯ, ಬೊಗಳೋ!” ಎಂದು ಕಣದ ಯಜಮಾನ ಧರ್ಮಪ್ಪ ಬೆಲ್ಟು ಬೀಸಿದ. ಅವನ ಭಾವಮೈದುನ ಹೊನ್ನಯ್ಯ ಅಡಿಕೆ ಗೊನೆ ಕೊಯ್ಯುವ ದೋಟಿಯ ತುಂಡಿನಿಂದ ಮಂಡಿಗೆ ಕೊಟ್ಟ. ಕೇಳಿಸಿದ್ದು ಕೋಲಿನ ಸದ್ದಲ್ಲ, ಮೂಳೆಯದ್ದು. ಲಾರಿ ಡ್ರೈವರ್ ಮುಸ್ತಕೀಮ್ ಲಾರಿ ನಿಲ್ಲಿಸಿ, ಇಳಿದು ಬಂದು, ಹೊಟ್ಟೆಗೆ ಎರಡು ಗುದ್ದಿ, ಆಮೇಲೆ “ಏನ್ ಮಾಡಿದಾನೆ ಇವ್ನು?” ಎಂದು ವಿಚಾರಿಸಿದ.

ಗೋವಿಂದನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಉದುರಿದ ಹಲ್ಲು ರಕ್ತದ ಜೊತೆ ಗದ್ದಕ್ಕೆ ಅಂಟಿಕೊಂಡಿತ್ತು. ಇನ್ನು ಹತ್ತು ನಿಮಿಷ ಹೀಗೇ ನಡೆದರೆ ಇವನು ಸಾಯುತ್ತಾನೆ ಎಂದು ಜಮ್ಶೀದನಿಗೆ ಖಚಿತವಾಯಿತು.

ಕ್ಯಾಮೆರಾ ತೆಗೆದ. ಅದರಲ್ಲಿದ್ದದ್ದು ಮೊಳದುದ್ದದ ಹಕ್ಕಿ ಲೆನ್ಸು. ಹನ್ನೆರಡು ಅಡಿಯೊಳಗೆ ಆನೆ ನಿಂತರೂ ಅದಕ್ಕೆ ಕಾಣುವುದಿಲ್ಲ. ದೂರದಿಂದಲೇ ಕಂಬಕ್ಕೆ ಬಿಗಿದಿದ್ದ ಆ ಎರಡು ಕೈಗಳನ್ನಷ್ಟೇ ಹಿಡಿದ.

“ಯಾರೋ ಅದು ಫೋಟೋ?” ಎಂದು ಧರ್ಮಪ್ಪ ಬೆಲ್ಟು ಎತ್ತಿಕೊಂಡೇ ತಿರುಗಿದ. ಮರುಕ್ಷಣ ಮುಖ ಅರಳಿತು. “ಅಯ್ಯೋ, ಜಮ್ಶೀದಣ್ಣ! ನಮ್ಮ ಮಗಳ ಮದುವೆ ಆಲ್ಬಮ್ ಇವ್ರದ್ದೇ ಕಣ್ರೋ! ಪೇಪರಿಗಾ ಅಣ್ಣ?”

“ಪೇಪರಿಗೇ.”

ಏಳು ಜನರಲ್ಲಿ ನಾಲ್ವರು ಬಾಚಣಿಗೆ ತೆಗೆದರು. ಕಳ್ಳನನ್ನು ಹಿಡಿದುಕೊಟ್ಟವರ ಫೋಟೋ ಪತ್ರಿಕೆಯಲ್ಲಿ ಬರುವುದು ಅವರಿಗೆ ಗೊತ್ತಿತ್ತು.

“ಇಷ್ಟು ಹತ್ರ ನಿಂತ್ರೆ ಬರಲ್ಲಪ್ಪ. ಆ ಗೋಡೆ ಹತ್ರ ಹೋಗಿ. ಇನ್ನೂ ಹಿಂದೆ. ಹೊನ್ನಯ್ಯ, ಕೋಲು ಇಟ್ಕೊಂಡೇ ಇರು, ಗತ್ತಾಗಿ ಕಾಣುತ್ತೆ,” ಎಂದ ಜಮ್ಶೀದ್. “ಗದ್ದ ಸ್ವಲ್ಪ ಮೇಲೆ.”

ಏಳು ಗದ್ದಗಳು ಎದ್ದವು. ಅದೇ ಹೊತ್ತಿಗೆ ಕಣದಲ್ಲಿ ಅಡಿಕೆ ಸುಲಿಯುತ್ತಿದ್ದ ಪುಷ್ಪಾ ಕತ್ತಿ ಸಮೇತ ಎದ್ದು ಬಂದು, ಹಗ್ಗ ಕೊಯ್ದು, ಗೋವಿಂದನನ್ನು ಹೆಗಲಿಗೆ ಹಾಕಿಕೊಂಡು, ಗುಂಪಿನ ಆಚೆ ಸಿಕ್ಕಿಕೊಂಡಿದ್ದ ಶಂಕರಘಟ್ಟದ ಬಸ್ಸಿನತ್ತ ಎಳೆದಳು.

“ಭಾವ, ಕಳ್ಳ ಹೋಗ್ತಿದಾನೆ!” ಎಂದ ಹೊನ್ನಯ್ಯ.

“ಅಲ್ಲಾಡ್ಬೇಡಿ! ಯಾರೋ ಕಣ್ಣು ಮುಚ್ಚಿದ್ರಿ. ಇನ್ನೊಂದು,” ಎಂದ ಜಮ್ಶೀದ್.

ಧರ್ಮಪ್ಪ ತುಟಿ ಅಲ್ಲಾಡಿಸದೆ ಗದರಿದ: “ಸುಮ್ನೆ ನಿಂತ್ಕೊಳೋ ಮಾರಾಯ, ಫೋಟೋ ಹಾಳಾಗುತ್ತೆ.”

ಬಸ್ಸು ಹೊರಟಿತು. ಜಮ್ಶೀದ್ ಪುಸ್ತಕ ತೆಗೆದು ಎಡದಿಂದ ಹೆಸರು ಕೇಳಿದ. ಎಲ್ಲರೂ ಅಪ್ಪನ ಹೆಸರು, ಊರು ಸೇರಿಸಿ ಬರೆಸಿದರು. ಮುಸ್ತಕೀಮ್ ಲಾರಿ ನಂಬರನ್ನೂ ಕೊಟ್ಟ.

ಸಂಪಾದಕ ಓಂಕಾರಪ್ಪನಿಗೆ ಸಮಾಧಾನವಾಗಲಿಲ್ಲ. “ರಕ್ತ ಎಲ್ಲಯ್ಯ? ಹೊಡೆಸ್ಕೊಂಡವನ ಮುಖಾನೇ ಇಲ್ವಲ್ಲ!”

“ಅದನ್ನ ಅವನ ಹೆಂಡ್ತಿ ಮಕ್ಕಳೂ ನೋಡ್ತಾರೆ ಸರ್. ಹೊಡೆದವ್ರ ಮುಖ ಹಾಕಿ, ಚೆನ್ನಾಗಿ ಬಂದಿದೆ.”

ಮರುದಿನ ಮುಖಪುಟದಲ್ಲಿ ಮೇಲೆ ಎರಡು ಕೈಗಳು: ಹಗ್ಗ ಚರ್ಮದೊಳಗೆ ಇಳಿದಿತ್ತು, ಉಗುರುಗಳು ನೀಲಿಗಟ್ಟಿದ್ದವು. ಕೆಳಗೆ ಗದ್ದ ಎತ್ತಿ ನಗುತ್ತಿದ್ದ ಏಳು ಮಂದಿ. ಅಡಿಬರಹ: ‘ಕಟ್ಟಿಹಾಕಿ ಹೊಡೆದವರು, ಎಡದಿಂದ ಬಲಕ್ಕೆ.’ ಪೊಲೀಸರಿಗೆ ತನಿಖೆಯೇ ಉಳಿಯಲಿಲ್ಲ. ಪತ್ರಿಕೆ ಹಿಡಿದುಕೊಂಡು ಹಾಜರಿ ಕರೆದರು.

ಜಾಮೀನು ಸಿಕ್ಕ ಸಂಜೆಯೇ ಏಳೂ ಜನ ಶಿವಮೊಗ್ಗದಲ್ಲಿದ್ದ ಜಮ್ಶೀದನ ಸ್ಟುಡಿಯೋಗೆ ನುಗ್ಗಿದರು. ಶಿಸ್ತೆಂದರೆ ಶಿಸ್ತು: ಫೋಟೋದಲ್ಲಿ ನಿಂತಿದ್ದ ಕ್ರಮದಲ್ಲೇ ಹೊಡೆದರು. ಧರ್ಮಪ್ಪ ಮೂಗು ಒಡೆದ, ಎರಡನೆಯವ ಅವನ ತಲೆಯನ್ನು ಶೋಕೇಸಿನ ಗಾಜಿಗೆ ಗುದ್ದಿಸಿದ, ಮುಸ್ತಕೀಮನ ಸರದಿ ಬರುವ ಹೊತ್ತಿಗೆ ಪಕ್ಕೆಲುಬು ಎರಡು ಮುರಿದಿದ್ದವು. ಹಕ್ಕಿ ಲೆನ್ಸನ್ನು ರುಬ್ಬುಗುಂಡಿನಂತೆ ನೆಲಕ್ಕೆ ಅಪ್ಪಳಿಸಿದರು. ಕೊನೆಯವನಾದ ಹೊನ್ನಯ್ಯ ಕೋಲು ಎತ್ತಿದಾಗ, ಒಳಗಿನಿಂದ ಜಮ್ಶೀದನ ಹೆಂಡತಿ ನೌರೀನ್ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಗದೆಯಂತೆ ತಿರುಗಿಸುತ್ತ ಬಂದಳು. “ಮದುವೇಲಿ ಕಾಲಿಗೆ ಬಿದ್ದು ಫೋಟೋ ತೆಗೆಸ್ಕೊಂಡ್ರಲ್ಲೋ, ನಾಚಿಕೆಗೆಟ್ಟವ್ರಾ!” ಹೊನ್ನಯ್ಯನ ಹೆಗಲ ಮೂಳೆ ಮುರಿಯಿತು. ಉಳಿದ ಆರು ಜನ ಯಾವ ಕ್ರಮವನ್ನೂ ಪಾಲಿಸದೆ ಓಡಿದರು.

ಆಸ್ಪತ್ರೆಯಲ್ಲಿ ಜಮ್ಶೀದ್ ಉಸಿರೆಳೆದರೂ ನರಳುತ್ತ ಮಲಗಿದ್ದಾಗ, ಇನ್ನೊಂದು ವಾರ್ಡಿನಿಂದ ಗೋವಿಂದ ಊರುಗೋಲು ಊರುತ್ತ ಬಂದ. ಕಣ್ಣು ತೆರೆದಿತ್ತು, ಕಾಲಿಗೆ ಪ್ಲಾಸ್ಟರ್ ಇತ್ತು. ಮಂಚದ ಕಂಬಿ ಹಿಡಿದು ನಿಂತ.

“ನಾನ್ಯಾರು, ನೀವ್ಯಾರು ಅಣ್ಣ? ಅಷ್ಟು ಜನ ಸುಮ್ನೆ ನೋಡ್ತಿದ್ರು. ನಿಮಗೊಬ್ರಿಗೆ ಅಂಥ ಧೈರ್ಯ ಎಲ್ಲಿಂದ ಬಂತು?”

ಸುತ್ತಲಿನ ರೋಗಿಗಳೆಲ್ಲ ಕಿವಿ ನೆಟ್ಟಗೆ ಮಾಡಿದರು. ನರ್ಸ್ ಇಂಜೆಕ್ಷನ್ ಹಿಡಿದುಕೊಂಡೇ ನಿಂತಳು. ಜಮ್ಶೀದ್ ಪಕ್ಕೆ ಒತ್ತಿ ಹಿಡಿದು ಸ್ವಲ್ಪ ಯೋಚಿಸಿದ.

“ಧೈರ್ಯ ಎಲ್ಲಿ ಬಂತು ಮಾರಾಯ? ವಾಪಸ್ ಹೋಗೋಣ ಅಂದ್ರೆ ಸ್ಕೂಟರ್ ತಿರುಗಿಸೋಕೆ ಜಾಗ ಇರ್ಲಿಲ್ಲ.”