ದೊಡ್ಡಪ್ಪ ಮೆಟ್ಟಿಲು ಹತ್ತುವ ಪರಿ

ದೊಡ್ಡಪ್ಪನ ಹೃದಯದ ಕವಾಟ ಕಿರಿದಾಗಿತ್ತು. ಎದೆ ಸೀಳದೆ, ತೊಡೆಯ ರಕ್ತನಾಳದೊಳಗಿಂದ ತೂರಿಸಿ ಹೊಸ ಕವಾಟ ಕೂರಿಸುತ್ತಾರೆಂದು ತಿಳಿದ ದಿನದಿಂದ ಬಹ್ರೇನಿನ ಗುಫೂಲ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಅವರು ಮದುಮಗನಂತೆ ಓಡಾಡುತ್ತಿದ್ದರು. ಆ ಸಂಭ್ರಮಕ್ಕೆ ಆಂಜಿಯೋಗ್ರಾಮ್ ಕಲ್ಲು ಹಾಕಿತು: ಹೃದಯಕ್ಕೇ ರಕ್ತ ಕೊಡುವ ದೊಡ್ಡ ನಾಳದ ಬುಡದಲ್ಲೂ ಬ್ಲಾಕ್! ಮೊದಲು ಅದಕ್ಕೆ ಸ್ಟೆಂಟ್ ಹಾಕುವುದೋ, ನೇರ ಕವಾಟಕ್ಕೇ ಕೈಯಿಡುವುದೋ ಎಂದು ತೀರ್ಮಾನಿಸಲು ಡಾಕ್ಟರು ಕರೆದರು. ದೊಡ್ಡಮ್ಮನ ಜೊತೆ ನಾನೂ ಹೋದೆ, ಅನುವಾದಕ್ಕೆ. ನನ್ನ ಇಂಗ್ಲಿಷೂ ಅರ್ಧ ಮಿಮಿಕ್ರಿಯೇ.

ಡಾಕ್ಟರು ಬಹ್ರೇನಿನವರೇ. "ನಡೆಯುವಾಗ ಎದೆನೋವು ಬರುತ್ತದಾ?" ಎಂದರು.

"ನೋ ಪೇನ್ ಸರ್, ಫುಲ್ ಫಿಟ್!" ದೊಡ್ಡಪ್ಪ ಎದೆಯುಬ್ಬಿಸಿದರು.

ಇದು ಗಲ್ಫಿನ ಚಾಳಿ. ವೀಸಾದ ಮೆಡಿಕಲ್‌ನಲ್ಲಿ ಫಿಟ್ ಆಗದಿದ್ದರೆ ಊರಿನ ವಿಮಾನವೇ ಗತಿ. ಬಿಳಿ ಕೋಟು ಕಂಡಲ್ಲೆಲ್ಲ ಹಾಗೆಂದು ಪಳಗಿದ ಬಾಯಿ, ಸ್ವಂತ ಅಂಗಡಿಯ ಧಣಿಯಾದರೂ ಸುಧಾರಿಸಿರಲಿಲ್ಲ.

ದೊಡ್ಡಮ್ಮ ನನ್ನ ಪಕ್ಕೆ ತಿವಿದರು. "ನೀನೆಂತ ಬಾಯಿ ಮುಚ್ಚಿ ಕೂತದ್ದು? ಇವರು ಮೆಟ್ಟಿಲು ಹತ್ತುವುದನ್ನು ಮನೆಯಲ್ಲಿ ಮಾಡ್ತೀಯಲ್ಲ, ಮಾಡಿ ತೋರಿಸು!"

ಎದ್ದೆ. ವೇದಿಕೆ ಸಿಕ್ಕರೆ ಬಿಡುವ ಜನ್ಮವಲ್ಲ ನನ್ನದು. ಹೊಟ್ಟೆ ಮುಂದೆ ಮಾಡಿ ಧಾಪು ಧಾಪು ಹೆಜ್ಜೆಯಿಟ್ಟು, ನಿಂತೆ. ಅಂಗೈಯನ್ನು ಎದೆಗೊತ್ತಿದೆ, ಎಡ ದವಡೆ ತಿಕ್ಕಿದೆ. ಯಾರದೋ ಮನೆಯ ಬೋರ್ಡು ಓದುವವನಂತೆ ಗೋಡೆ ದಿಟ್ಟಿಸಿ, "ಗ್ಯಾಸ್ ಮಾರಾಯ, ಕಡ್ಲೆ ಜಾಸ್ತಿ ಆಯ್ತು" ಎಂದೆ.

ನರ್ಸ್ ಬಾಯಿಗೆ ಫೈಲು ಅಡ್ಡ ಹಿಡಿದಳು. ಡಾಕ್ಟರು ಮಾತ್ರ ಮುಂದಕ್ಕೆ ಬಾಗಿದರು. "ಹಬೀಬಿ, ಕೈ ಎಲ್ಲಿಟ್ಟೆ? ಇನ್ನೊಮ್ಮೆ. ನಿಂತ ಮೇಲೆ ಕಮ್ಮಿಯಾಗುತ್ತದಾ?"

ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುತ್ತ ದೊಡ್ಡಪ್ಪನತ್ತ ತಿರುಗಿದೆ.

"ಆಗ್ತದೆ," ಎಂದರು, ನೆಲ ನೋಡುತ್ತ. "ನೋವು ಉಂಟು. ಹೇಳಿದರೆ ಎರಡೆರಡು ಸಲ ಕೊಯ್ತಾರೆ ಅಂತ ಹೆದರಿಕೆ."

ಇದನ್ನು ಮಾತ್ರ ನನ್ನದೇ ದನಿಯಲ್ಲಿ ಅನುವಾದಿಸಿದೆ.

"ಕೊಯ್ಯುವುದಿಲ್ಲ," ಡಾಕ್ಟರು ನಕ್ಕರು. "ಇಂಥ ನೋವು ಕವಾಟದಿಂದಲೂ ಬರಬಹುದು. ಆದರೆ ಬ್ಲಾಕ್ ಬುಡದಲ್ಲೇ ಇದೆ. ಹೊಸ ಕವಾಟ ಕೂತ ಮೇಲೆ ಅಲ್ಲಿಗೆ ತಲುಪುವುದೂ ಕಷ್ಟ. ಮೊದಲು ಮಣಿಕಟ್ಟಿನ ನಾಳದಿಂದ ಸ್ಟೆಂಟ್. ಕೆಲವು ವಾರ ಬಿಟ್ಟು ಕವಾಟ. ಆಗಬಹುದಾ?"

ದೊಡ್ಡಪ್ಪ ತಲೆಯಾಡಿಸಿದರು. ಹೊರಗೆ ಬಂದದ್ದೇ ನನ್ನ ಕಿವಿ ಹಿಡಿದರು. "ಅಷ್ಟು ದೊಡ್ಡ ಹೊಟ್ಟೆ ನನಗೆಲ್ಲಿ ಉಂಟು?"

"ಪಾಪ, ಅವ ಕಮ್ಮಿಯೇ ಮಾಡಿದ್ದು," ಎಂದರು ದೊಡ್ಡಮ್ಮ.

ಮೂವರೂ ಕಾರಿಡಾರಿನಲ್ಲಿ ಬಿದ್ದು ಬಿದ್ದು ನಕ್ಕೆವು. ನಡುವೆ ದೊಡ್ಡಪ್ಪ ಥಟ್ಟನೆ ನಿಂತು ಎದೆ ಹಿಡಿದರು. ಗೋಡೆಯ ಕಡೆ ತಿರುಗಲಿಲ್ಲ.

"ಕುರ್ಚಿ ತಾ ಮಾರಾಯ," ಎಂದರು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ನೋಯ್ತಾ ಉಂಟು."