ದನ ಕಾಯೋಳ ಮೊಮ್ಮಗಳು

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸಿನಲ್ಲಿರೋ ಮಗನ ಮನೆಗೆ ಬಂದಾಗ ನನಗಿದ್ದ ಆಸೆ ಒಂದೇ. ಎಂಟು ವರ್ಷದ ಮೊಮ್ಮಗಳ ಬಾಯಲ್ಲಿ ಒಂದು ಪೂರ್ತಿ ಕನ್ನಡದ ಮಾತು ಕೇಳಬೇಕು. ನಾನು ಹೇಳಿದ್ದೆಲ್ಲ ಮಗುವಿಗೆ ಅರ್ಥ ಆಗ್ತಿತ್ತು, ಉತ್ತರ ಮಾತ್ರ ಇಂಗ್ಲಿಷಲ್ಲೇ. ನಾನೋ ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟೋಳು!

ನಮ್ಮಿಬ್ಬರನ್ನ ಜೋಡಿ ಮಾಡಿದ್ದು ಹಳೇ ಕಪ್ಪು-ಬಿಳುಪು ಕೌಬಾಯ್ ಪಿಕ್ಚರುಗಳು. ಮಗು ಸ್ಕೂಲಿಂದ ಬಂದ ಕೂಡಲೇ ಚುರುಮುರಿ ಇಟ್ಕೊಂಡು ಕೂತುಬಿಡ್ತಿದ್ವಿ. ಒಂದೊಂದೂ ಒಂದೇ ಗಂಟೆ. ಬಡವರು ತೆಗೆದ ಪಿಕ್ಚರು ಅಂತ ನನಗೂ ಗೊತ್ತಾಗೋದು: ಕಳ್ಳರು ಒಂದೇ ಬಂಡೆ ಮುಂದೆ ನಾಲ್ಕು ಸಲ ಓಡೋರು. ಹೀರೋ ಮಹಡಿಯಿಂದ ಬಿದ್ದರೂ ಟೋಪಿ ತಲೇಲೇ.

"ಗೋಂದು ಹಾಕಿ ಅಂಟಿಸವ್ನೆ ಕಣೆ" ಅಂದ್ರೆ ಮಗು ಸೋಫಾದಿಂದ ಉರುಳಿ ನಗೋದು.

ಒಂದಿನ ಕೇಳಿದೆ, "ಕೌಬಾಯ್ ಅಂದ್ರೇನೇ?"

ಮಗು ಕ್ಯಾಲೆಂಡರಿನಲ್ಲಿ ಕೃಷ್ಣನ ಪಕ್ಕದ ಹಸು ತೋರಿಸ್ತು. "ಕೌ!"

"ಅಯ್ಯೋ, ದನ ಕಾಯೋನಾ! ನಾನೂ ಅದೇ ಕಣೆ!"

ನಿಜ ತಾನೇ? ಮಗ್ಗಿ ತಪ್ಪಿದಾಗ ಮೇಷ್ಟ್ರು "ನೀನು ದನ ಕಾಯೋಕೇ ಲಾಯಕ್ಕು" ಅಂದಿದ್ರು. ನಮ್ಮಪ್ಪ ಹನ್ನೊಂದು ದನ ಕೊಟ್ಟು ಕಳಿಸೇಬಿಟ್ಟರು. ಮಗು ಕಣ್ಣರಳಿಸಿ, "ಯೂ? ರಿಯಲ್ ಕೌಬಾಯ್?" ಅಂತು. ಅವತ್ತಿಂದ ನನಗೆ ಆ ಮನೇಲಿ ಏನು ಮರ್ಯಾದೆ ಅಂತೀರಿ! ಹೀರೋ ಬಂದಾಗೆಲ್ಲ ನಾನು, "ನೋಡು, ಇವನೂ ದನ ಕಾಯ್ತಾನಂತೆ! ಇಡೀ ಪಿಕ್ಚರಲ್ಲಿ ಒಂದು ಹಸೂಗೂ ನೀರು ಕುಡಿಸಲಿಲ್ಲ!" ಅಂತ ಬೈಯೋದು.

ಯುಗಾದಿಗೆ ಪಕ್ಕದೂರು ಲಿವೋನಿಯಾದ ಒಂದು ಹಾಲಲ್ಲಿ ಕನ್ನಡದವರೆಲ್ಲ ಸೇರಿದ್ದರು. ಮಕ್ಕಳು ಸ್ಟೇಜಿಗೆ ಬಂದು, ದೊಡ್ಡವರಾದ ಮೇಲೆ ಏನಾಗ್ತೀವಿ ಅಂತ ಕನ್ನಡದಲ್ಲಿ ಹೇಳಬೇಕು. "ಡಾಕ್ಟರ್ ಆಗ್ತೀನಿ" ಅಂತ ಮಗ ನಮ್ಮ ಮಗೂಗೆ ವಾರವೆಲ್ಲ ಬಾಯಿಪಾಠ ಮಾಡಿಸಿದ್ದ. ಮೊದಲು ಬಂದ ಮಕ್ಕಳೂ ಡಾಕ್ಟರು, ಇಂಜಿನಿಯರು, ಮತ್ತೆ ಡಾಕ್ಟರು.

ನಮ್ಮ ಮಗು ಮೈಕ್ ಹಿಡಿದು ಲಂಗದ ಅಂಚು ತಿರುಚ್ತಾ ನಿಂತ್ಕೊಳ್ತು. ನಾನು ಒಳಗೇ ಬೇಡ್ಕೊಂಡೆ: ಬಾಯಿ ಬಿಡು ನನ್ನವ್ವ, ಒಂದೇ ಒಂದು ಮಾತು!

"ನಾನು ದೊಡ್ಡೋಳಾದ್ಮೇಲೆ..." ಅಂತು. ನನ್ನ ಕಡೆ ನೋಡ್ತು. "ದನ ಕಾಯ್ತೀನಿ! ನಮ್ಮಜ್ಜಿ ಥರ!"

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಮಗ ಕೋಸಂಬರಿ ತಟ್ಟೆಯಲ್ಲೇ ಮುಖ ಮುಚ್ಕೊಂಡ. "ಅಮ್ಮಾ, ಏನಮ್ಮ ಕಲಿಸಿದ್ದೀಯ ನೀನು?"

"ಕನ್ನಡ ಕಣೋ!"

ಹಿಂದಿನ ಸಾಲಿನ ಹುಡುಗಿ ಬಗ್ಗಿ, "ಆಂಟಿ, ಆ ಕೆಲಸಕ್ಕೆ ಎಲ್ಲಿ ಅಪ್ಲೈ ಮಾಡಬೇಕು?" ಅಂದಳು.

ಉತ್ತರ ಕೊಡೋಕೆ ನನಗೆಲ್ಲಿ ಪುರುಸೊತ್ತು? ಒಂದು ಮಾತು ಬೇಡಿದ್ದೆ, ಎರಡು ಕೊಟ್ಟಿತ್ತು ಮಗು. ಎದ್ದು ನಿಂತು, ಸಂಜೆ ದನ ಕರೆಯೋ ಹಾಗೆ "ಹೋ... ಬಾ ಬಾ ಬಾ!" ಅಂತ ಕೂಗೇಬಿಟ್ಟೆ. ಮಗು ಮೈಕಲ್ಲೇ "ಅಂಬಾ!" ಅಂತ ಉತ್ತರ ಕೊಟ್ಟು, ಸ್ಟೇಜಿಂದ ಹಾರಿ ನನ್ನ ಕಡೆ ಓಡಿಬಂತು.